ಮುನ್ನೂರ ಹನ್ನೆರಡು ಫ್ಲಾಪಿ, ಮುನ್ನೂರ ಅರವತ್ತೆಂಟು ಕೋಟಿ ಘಟಕ

ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ತೂಕ ಮತ್ತು ಅಳತೆ ಕಚೇರಿಯ ಸೂಚನಾ ಫಲಕಕ್ಕೆ ಕೇಂದ್ರ ಕಚೇರಿಯ ಸುತ್ತೋಲೆಯೊಂದನ್ನು ನಾಲ್ಕು ಪಿನ್ನು ಚುಚ್ಚಿ ಹಾಕಲಾಯಿತು. ಹತ್ತು ಸಾವಿರ ಘಟಕಗಳಿಗಿಂತ ಕಡಿಮೆ ಸಂಗ್ರಹವಿರುವ ದಾಖಲೆ ಕೋಣೆಗಳನ್ನು ತಿಂಗಳ ಕೊನೆಯೊಳಗೆ ತೆರವು ಮಾಡಿ, ಜಾಗದ ಕೊರತೆ ಇರುವ ವಿಭಾಗಕ್ಕೆ ಒಪ್ಪಿಸಬೇಕು; ಸಂಗ್ರಹದ ವಿವರ ಶುಕ್ರವಾರದೊಳಗೆ ತಲುಪಬೇಕು ಎಂಬುದು ಅದರ ಸಾರ.

ಆ ಕಚೇರಿಯಲ್ಲಿ ದಾಖಲೆ ಕೋಣೆ ಇದ್ದದ್ದು ಒಂದೇ. ಅದರೊಳಗಿನ ಸಂಗ್ರಹ ಮುನ್ನೂರ ಹನ್ನೆರಡು ಫ್ಲಾಪಿ. ಅವುಗಳ ಜೊತೆಗೆ ಇದ್ದವರು ರೆಕಾರ್ಡ್ ಕೀಪರು. ಬಾಯಿಗೆ ಸುಲಭವಾಗಲಿ ಎಂದು ಎಲ್ಲರೂ ಅವರನ್ನು ಕೀಪರು ಎಂದಷ್ಟೇ ಕರೆಯುತ್ತಿದ್ದರು. ಹಿರಿಯ ದಫೇದಾರ ಮಾತ್ರ ಅವರನ್ನು ಕಂಡಾಗಲೆಲ್ಲ ಇವತ್ತು ಎಷ್ಟು ಕ್ಯಾಚು ಹಿಡಿದಿರಿ ಎಂದು ವಿಚಾರಿಸುತ್ತಿದ್ದ. ಹತ್ತೊಂಬತ್ತು ವರ್ಷಗಳಲ್ಲಿ ಆ ಮಾತಿಗೆ ಕೀಪರು ಒಮ್ಮೆಯೂ ನಕ್ಕಿರಲಿಲ್ಲ. ದಫೇದಾರ ಒಮ್ಮೆಯೂ ನಗದೆ ಬಿಟ್ಟಿರಲಿಲ್ಲ.

ಫ್ಲಾಪಿ ಎಂದರೆ ಅಂಗೈ ಅಗಲದ ಚೌಕ ಪ್ಲಾಸ್ಟಿಕ್ಕು, ತುದಿಗೆ ಜಾರುವ ತಗಡು. ಒಂದೊಂದರ ಮೇಲೂ ‘1.44 ಎಂಬಿ’ ಎಂದು ಅಚ್ಚಾಗಿತ್ತು. ಒಂದು ಕಾಲದಲ್ಲಿ ಊರಿನ ಎಲ್ಲ ತಕ್ಕಡಿಗಳ ತಪಾಸಣೆಯ ವಿವರ ಅವುಗಳಲ್ಲಿ ಸೇರಿತ್ತು. ಅವುಗಳನ್ನು ಓದುವ ಯಂತ್ರ ಹನ್ನೊಂದು ವರ್ಷದ ಹಿಂದೆ ಗುಜರಿಗೆ ಹೋಗಿತ್ತು. ಆಮೇಲೆ ಫ್ಲಾಪಿಗಳನ್ನು ಯಾರೂ ಕೇಳಿಕೊಂಡು ಬಂದಿರಲಿಲ್ಲ, ಕೀಪರನ್ನೂ ಕೇಳಿಕೊಂಡು ಬಂದಿರಲಿಲ್ಲ. ಕೋಣೆಯ ಮುಖ್ಯ ಗುಣ ಅದೇ ಆಗಿತ್ತು. ಕೀಪರ ಮನೆಯಲ್ಲಿ ಎರಡು ಕೋಣೆ, ಐದು ಜನ. ಒಳಗಿನಿಂದ ಮುಚ್ಚಿಕೊಂಡು ಕೂರಬಹುದಾದ ಬಾಗಿಲು ಅವರ ಪಾಲಿಗೆ ಈ ಪ್ರಪಂಚದಲ್ಲಿ ಕಚೇರಿಯದೊಂದೇ. ಸ್ನಾನದ ಮನೆಯ ಬಾಗಿಲೂ ಇತ್ತು ನಿಜ, ಆದರೆ ಅದನ್ನು ಮುಚ್ಚಿದ ಎರಡನೆಯ ನಿಮಿಷಕ್ಕೆ ಯಾರಾದರೂ ತಟ್ಟುತ್ತಿದ್ದರು.

ಹತ್ತೂ ಇಪ್ಪತ್ತಕ್ಕೆ ಮೀಟರ್ ಮೇಡಂ ಟೇಪು ಹಿಡಿದು ಬಂದರು. ಬಾಡಿಗೆ ಗಾಡಿಗಳ ಮೀಟರು ಪರೀಕ್ಷಿಸುವ ವಿಭಾಗಕ್ಕೆ ಅವರು ಮುಖ್ಯಸ್ಥೆ. ಅವರ ವಿಭಾಗದ ಹಾಲ್‌ನಲ್ಲಿ ದಿನವಿಡೀ ಚಕ್ರ ತಿರುಗಿಸುವ ಯಂತ್ರ ಕಿರುಚುತ್ತಿತ್ತು, ಅವರಿಗೆ ನಿಜವಾಗಿಯೂ ಜಾಗ ಇರಲಿಲ್ಲ. ಯಾರ ಮೇಲೂ ದ್ವೇಷವಿಲ್ಲದೆ ಅವರು ಕೋಣೆಯನ್ನು ಅಳೆದರು. ಒಂಬತ್ತು ಅಡಿ, ಹನ್ನೊಂದು ಅಡಿ. ಬರೆದುಕೊಂಡರು. ಕೀಪರ ಮೇಜನ್ನು ತಮ್ಮ ಹಾಲಿನಲ್ಲೇ, ಯಂತ್ರಕ್ಕೂ ಕೈತೊಳೆಯುವ ಜಾಗಕ್ಕೂ ನಡುವೆ ಹಾಕಿಸುವುದಾಗಿ ತಿಳಿಸಿ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದೂ ಸೇರಿಸಿದರು. ಖಾಲಿ ಮಾಡುವುದು ಇಪ್ಪತ್ತೊಂಬತ್ತಕ್ಕೋ ಮೂವತ್ತಕ್ಕೋ ಎಂಬುದಷ್ಟೇ ಅವರಿಗೆ ಬೇಕಾಗಿದ್ದ ಮಾಹಿತಿ.

ಕೀಪರು ಅಷ್ಟು ಹೊತ್ತಿಗೆ ಸುತ್ತೋಲೆಯನ್ನು ಮೂರು ಸಲ ಓದಿದ್ದರು. ಮೂರನೆಯ ಸಲ ಅವರ ಕಣ್ಣು ‘ಘಟಕ’ ಎಂಬ ಪದದ ಮೇಲೆ ನಿಂತಿತು.

ಇಲ್ಲಿ ಒಂದು ಸಂಗತಿ ಹೇಳಬೇಕು. ಸುತ್ತೋಲೆ ಬರೆದವರು ಆಡಳಿತ ವಿಭಾಗದವರು. ಅವರ ಪ್ರಕಾರ ಘಟಕವೆಂದರೆ ಒಂದು ನಗ; ಒಂದು ಕಡತ, ಒಂದು ಪೆಟ್ಟಿಗೆ, ಒಂದು ಮುರಿದ ಕುರ್ಚಿ. ಆದರೆ ತೂಕ ಮತ್ತು ಅಳತೆ ಕಚೇರಿಯಲ್ಲಿ ಘಟಕವೆಂದರೆ ಗ್ರಾಮು, ಲೀಟರು, ಮೀಟರು. ಬೇರೆ ಅರ್ಥವೇ ಇಲ್ಲ. ಹಾಗಾಗಿ ಕೀಪರ ಓದಿನಲ್ಲಿ ತಪ್ಪಿರಲಿಲ್ಲ. ಅವರು ಓದಿದ ಕಟ್ಟಡದಲ್ಲಿ ತಪ್ಪಿತ್ತು.

“ಮುನ್ನೂರ ಹನ್ನೆರಡು ತಾನೆ ಕೀಪರೇ, ಇದರಲ್ಲಿ ಯೋಚಿಸೋದೇನಿದೆ?” ಎಂದರು ಮೀಟರ್ ಮೇಡಂ.

“ಅದು ಎಣಿಕೆ ಮೇಡಂ. ಅವರು ಕೇಳಿರೋದು ಅಳತೆ.”

ಹೇಳಿದ ಮೇಲೆ ಆ ಮಾತು ಕೀಪರಿಗೇ ಬಹಳ ಹಿಡಿಸಿತು. ಅದರ ಅರ್ಥವೇನೆಂದು ಸಂಜೆಯೊಳಗೆ ಕಂಡುಹಿಡಿಯಬೇಕಾಗಿತ್ತು, ಅಷ್ಟೆ.

ಅರ್ಥ ಗೊತ್ತಿದ್ದವನು ಅವರ ಹೆಂಡತಿಯ ತಮ್ಮ. ಅವನದು ಮೊಬೈಲು, ಕಂಪ್ಯೂಟರು ರಿಪೇರಿಯ ಅಂಗಡಿ. ಸಂಜೆ ಆರೂವರೆಗೆ ಅವನು ಮನೆಗೆ ಬಂದಾಗ ಕೀಪರು ಜೇಬಿನಿಂದ ಒಂದು ಫ್ಲಾಪಿ ತೆಗೆದು ಮೇಜಿನ ಮೇಲಿಟ್ಟು, ಇದರ ಸಾಮರ್ಥ್ಯವನ್ನು ಸಣ್ಣ ಘಟಕಕ್ಕೆ ಇಳಿಸಬೇಕು ಎಂದರು. ಭಾವಮೈದ ಅದನ್ನು ಅಜ್ಜಿಯ ಕನ್ನಡಕ ನೋಡುವ ಹಾಗೆ ಎರಡೂ ಕಡೆ ತಿರುಗಿಸಿ ನೋಡಿದ. ಎಷ್ಟು ಸಣ್ಣ ಘಟಕ ಎಂದು ಕೇಳಿದ. ಎಷ್ಟು ಸಣ್ಣದು ಸಿಗುತ್ತದೋ ಅಷ್ಟು ಎಂದರು ಕೀಪರು.

ಭಾವಮೈದ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದ. 1.44 ಮೆಗಾಬೈಟು ಅಂದರೆ 1,440 ಕಿಲೋಬೈಟು. ಕೀಪರು ತಲೆಯಾಡಿಸಿದರು. ಸಾವಿರದಿಂದ ಗುಣಿಸುವುದು ಅವರಿಗೆ ಅನ್ನ ಹಾಕಿದ ವಿದ್ಯೆ. ಹಾಗಾದರೆ ಬೈಟಿನ ಲೆಕ್ಕದಲ್ಲಿ 14,40,000 ಎಂದು ಅವರೇ ಮುಂದಾಗಿ ಹೇಳಿದರು. ಭಾವಮೈದ ಅದನ್ನು ಹೊಡೆದು ಹಾಕಿ 14,74,560 ಎಂದು ಬರೆದ. ಮೂವತ್ತನಾಲ್ಕು ಸಾವಿರದ ಐನೂರ ಅರವತ್ತು ಎಲ್ಲಿಂದ ಬಂತು ಎಂದು ಕೀಪರು ಕೇಳಿದರು.

“ಭಾವ, ಇಲ್ಲಿ ಕಿಲೋ ಅಂದ್ರೆ ಸಾವಿರ ಅಲ್ಲ. ಸಾವಿರದ ಇಪ್ಪತ್ನಾಲ್ಕು.”

ಕೀಪರು ಎದ್ದು ನಿಂತರು. ಮನೆಗೆ ಬೆಂಕಿ ಬಿದ್ದರೂ ಅಷ್ಟು ಬೇಗ ಏಳುವವರಲ್ಲ. ಒಳಗೆ ಹೆಂಡತಿ ಮಿಕ್ಸಿ ಓಡಿಸುತ್ತಿದ್ದರಿಂದ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಖಚಿತಪಡಿಸಿಕೊಳ್ಳಲು ಅವರು ಆ ಸದ್ದನ್ನು ಮೀರಿಸುವಂತೆ, “ಕಿಲೋ ಅಂದ್ರೆ ಸಾವಿರದ ಇಪ್ಪತ್ನಾಲ್ಕು ಅಂತೀಯಾ?” ಎಂದು ಕೂಗಿದರು. ಮಿಕ್ಸಿ ‘ಕಿಲೋ’ ಎನ್ನುವಾಗ ನಿಂತಿತು. ಉಳಿದದ್ದು ಮೆಟ್ಟಿಲು ಇಳಿದು, ಕೆಳಮನೆಯ ತೆರೆದ ಕಿಟಕಿಯವರೆಗೆ ಸ್ಪಷ್ಟವಾಗಿ ಹೋಯಿತು.

ಮೆಗಾದಿಂದ ಕಿಲೋಗೆ ಬರುವಾಗ ಮಾತ್ರ ಸಾವಿರದಿಂದ ಗುಣಿಸಿದ್ದು ಯಾಕೆ ಎಂದು ಭಾವಮೈದನನ್ನು ಕೇಳಿದರು. ಆ ಕಾಲದಲ್ಲಿ ಹೆಸರಿಟ್ಟವರು ಹಾಗೆ ಮಾಡಿಬಿಟ್ಟರು, ಒಂದು ಕಡೆ ಸಾವಿರ, ಇನ್ನೊಂದು ಕಡೆ ಸಾವಿರದ ಇಪ್ಪತ್ನಾಲ್ಕು, ಯಾರೂ ಕೇಳಲಿಲ್ಲ ಎಂದ. ಕೀಪರೂ ಹೆಚ್ಚು ಕೇಳಲಿಲ್ಲ. ಸಂಖ್ಯೆ ಬೆಳೆಯುತ್ತಿತ್ತು, ಬೆಳೆಯುವುದನ್ನು ತಡೆಯುವುದು ಅವರ ಹಿತಕ್ಕೆ ವಿರುದ್ಧವಾಗಿತ್ತು. ಬೈಟಿಗಿಂತ ಚಿಕ್ಕದು ಇದೆಯೇ ಎಂದರು. ಇದೆ, ಬಿಟ್, ಎಂಟು ಬಿಟ್ಟಿಗೆ ಒಂದು ಬೈಟು. 1,17,96,480.

“ಅದಕ್ಕಿಂತ ಚಿಕ್ಕದು?”

“ಬಿಟ್ ಬಿಟ್ರೆ ಇನ್ನೇನೂ ಇಲ್ಲ ಭಾವ.”

ಹೆಂಡತಿ ಬಾಗಿಲಲ್ಲಿ ನಿಂತು, ಇಬ್ಬರೂ ಕೆಲಸ ಬಿಟ್ಟು ಕೂತಿರುವುದು ಮಾತ್ರ ಕಾಣುತ್ತಿದೆ ಎಂದು ಹೇಳಿ ಒಳಗೆ ಹೋದರು. ಕೀಪರು ಕ್ಯಾಲೆಂಡರನ್ನು ಹತ್ತಿರಕ್ಕೆ ಎಳೆದುಕೊಂಡು ಮುನ್ನೂರ ಹನ್ನೆರಡರಿಂದ ತಾವೇ ಗುಣಿಸಿದರು. ಮೂರು ಸಲ ಮಾಡಿದರು, ಮೂರು ಸಲವೂ ಒಂದೇ ಉತ್ತರ ಬಂತು: 368,05,01,760. ಮುನ್ನೂರ ಅರವತ್ತೆಂಟು ಕೋಟಿ ಐದು ಲಕ್ಷದ ಒಂದು ಸಾವಿರದ ಏಳುನೂರ ಅರವತ್ತು. ಬೇಕಾಗಿದ್ದದ್ದು ಹತ್ತು ಸಾವಿರ.

ಮಂಗಳವಾರ ಹನ್ನೊಂದಕ್ಕೆ ಇದೇ ಸಂಖ್ಯೆ ಬರೆದ ಕೀಪರ ವರದಿ ಕಚೇರಿಯ ಮುಖ್ಯಸ್ಥರಾದ ಸಾಹೇಬರ ಮೇಜು ಸೇರಿತು. ಸಹಿ ಮಾಡುವ ಮುನ್ನ ಓದುವ ಅಭ್ಯಾಸ ಸಾಹೇಬರಿಗೆ ಇರಲಿಲ್ಲ. ಓದಿದರೆ ಸಹಿ ಮಾಡಲು ಮನಸ್ಸು ಬರುವುದಿಲ್ಲ ಎಂಬುದು ಅವರ ಅನುಭವ. ವರದಿ ಹನ್ನೊಂದೂವರೆಗೆ ಕೇಂದ್ರ ಕಚೇರಿಗೆ ಹೊರಟಿತು.

ಅದೇ ಬೆಳಿಗ್ಗೆ ಕೆಳಮನೆಯಾಕೆ ಮೆಟ್ಟಿಲ ಬಳಿ ಕೀಪರ ಹೆಂಡತಿಯನ್ನು ನಿಲ್ಲಿಸಿ, ಹೊಸ ಕಿಲೋ ಯಾವತ್ತಿನಿಂದ ಜಾರಿಗೆ ಬರುತ್ತದೆ ಎಂದು ಕೇಳಿದರು. ಹಿಂದಿನ ಸಂಜೆಯ ಕೂಗು ಕೇಳಿದ್ದರೂ ಕೀಪರ ಹೆಂಡತಿಗೆ ವಿಷಯ ಏನೆಂದು ಗೊತ್ತಿರಲಿಲ್ಲ. ಆದರೆ ಗಂಡನ ಕಚೇರಿಯ ಸುದ್ದಿ ಕೆಳಮನೆಯವರಿಗೆ ಗೊತ್ತಿದ್ದು ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಪೈಕಿಯವರಲ್ಲ ಅವರು.

“ಇವರ ಆಫೀಸಲ್ಲಿ ಆಗಲೇ ಬಂದಿದೆ ಅಕ್ಕ. ಯಾರಿಗೂ ಹೇಳಬೇಡಿ.”

ಕೊನೆಯ ಎರಡು ಪದಗಳು ತಮ್ಮ ಕೆಲಸವನ್ನು ಚೊಕ್ಕವಾಗಿ ಮಾಡಿದವು. ಮಧ್ಯಾಹ್ನದ ಹೊತ್ತಿಗೆ ಬೀದಿಯ ಮೂಲೆಯ ದಿನಸಿ ಅಂಗಡಿಯಲ್ಲಿ ಕೆಳಮನೆಯಾಕೆ ಒಂದು ಕಿಲೋ ಸಕ್ಕರೆ ತೂಗಿಸಿ, ಚೀಲದ ಬಾಯಿ ಕಟ್ಟಲು ಬಿಡದೆ, ಇನ್ನು ಇಪ್ಪತ್ನಾಲ್ಕು ಗ್ರಾಮು ಹಾಕಿ ಎಂದರು. ಅಂಗಡಿಯವರು ಅದನ್ನು ತಮಾಷೆ ಎಂದುಕೊಂಡು ನಕ್ಕರು. ಹಿಂದೆ ನಿಂತಿದ್ದವರು ನಗಲಿಲ್ಲ. ತಮಗೂ ಹಾಕಿ ಎಂದರು.

ಬುಧವಾರ ಐದು ಕಿಲೋ ಕೊಂಡವರು ನೂರ ಇಪ್ಪತ್ತು ಗ್ರಾಮು ಕೇಳಿದರು. ನಿವೃತ್ತ ಗಣಿತದ ಮೇಷ್ಟರೊಬ್ಬರು ಅಂಗಡಿಯ ಕಟ್ಟೆಯ ಮೇಲೆ ಕೂತು, ಹಾಗಾದರೆ ಕ್ವಿಂಟಲ್ಲಿಗೆ ಎರಡು ಕಿಲೋ ನಾನೂರು ಗ್ರಾಮು ಮೇಲೆ ಬರಬೇಕು ಎಂದು ತೋರಿಸಿಕೊಟ್ಟರು. ಇಷ್ಟು ವರ್ಷ ಕಡಿಮೆ ಕೊಟ್ಟದ್ದನ್ನು ಹೇಗೆ ತುಂಬಿಕೊಡುತ್ತೀರಿ ಎಂಬ ಪ್ರಶ್ನೆಯೂ ಆ ಕಟ್ಟೆಯ ಮೇಲೆಯೇ ಹುಟ್ಟಿತು. ಗುರುವಾರ ವಿಷಯ ಕಿಲೋಮೀಟರಿಗೆ ಹಬ್ಬಿತು. ಬಾಡಿಗೆ ಗಾಡಿಯಲ್ಲಿ ಬಂದ ಒಬ್ಬ ಗೃಹಸ್ಥರು ತಮ್ಮ ಮನೆ ಬಂದರೂ ಇಳಿಯದೆ, ಇಪ್ಪತ್ನಾಲ್ಕು ಮೀಟರು ಮುಂದೆ ಹೋಗಿ ಇಳಿದು, ನಡೆದುಕೊಂಡು ವಾಪಸ್ಸು ಬಂದರು. ಹೆಂಡತಿ ಕೇಳಿದ್ದಕ್ಕೆ, ಹಕ್ಕು ಹಕ್ಕೇ ಎಂದರು.

ಇಷ್ಟೆಲ್ಲ ನಡೆಯುವಾಗ ಕೀಪರು ಬಾಗಿಲು ಮುಚ್ಚಿಕೊಂಡು ಫ್ಲಾಪಿಗಳ ಧೂಳು ಒರೆಸುತ್ತಿದ್ದರು. ಅವರಿಗೆ ಏನೂ ಗೊತ್ತಿರಲಿಲ್ಲ. ಒಂದೊಂದನ್ನು ಒರೆಸುವಾಗಲೂ ಒಂದು ಕೋಟಿ ಹದಿನೇಳು ಲಕ್ಷ ಘಟಕ ಚೊಕ್ಕಟವಾಗುತ್ತಿದೆ ಎಂಬ ಭಾವನೆ ಅವರ ಕೈಗೆ ಒಂದು ಗಾಂಭೀರ್ಯ ತಂದಿತ್ತು.

ಶುಕ್ರವಾರ ಹತ್ತೂ ಮುಕ್ಕಾಲಿಗೆ ಕೇಂದ್ರ ಕಚೇರಿಯಿಂದ ಸಾಹೇಬರಿಗೆ ದೂರವಾಣಿ ಕರೆ ಬಂತು. ಒಂಬತ್ತು ಅಡಿ, ಹನ್ನೊಂದು ಅಡಿಯ ಕೋಣೆಯಲ್ಲಿ ಮುನ್ನೂರ ಅರವತ್ತೆಂಟು ಕೋಟಿ ನಗಗಳನ್ನು ಹೇಗೆ ಜೋಡಿಸಿದ್ದೀರಿ, ನೆಲದ ಮೇಲೆ ಭಾರ ಎಷ್ಟು ಬೀಳುತ್ತಿದೆ, ಕೆಳಗಿನ ಮಹಡಿಯಲ್ಲಿ ಜನ ಕೂರುತ್ತಾರೆಯೇ ಎಂದು ಅತ್ತಲಿನವರು ವಿಚಾರಿಸಿದರು. ಸೋಮವಾರ ಕಟ್ಟಡದ ಎಂಜಿನಿಯರುಗಳು ಬರುತ್ತಾರೆ, ಅಲ್ಲಿಯವರೆಗೆ ಯಾರೂ ಆ ಕೋಣೆಯಲ್ಲಿ ಜೋರಾಗಿ ನಡೆಯಬಾರದು ಎಂದರು. ಸಾಹೇಬರು ರಿಸೀವರು ಇಟ್ಟು ವರದಿಯ ಪ್ರತಿಯನ್ನು ತರಿಸಿ ಓದಲು ಶುರುಮಾಡಿದರು. ಎರಡನೆಯ ಸಾಲಿನಲ್ಲಿ ಇರುವಾಗ ದಿನಸಿ ವ್ಯಾಪಾರಿಗಳು ಮೂವರು ಒಳಗೆ ಬಂದರು.

ಅವರಲ್ಲಿ ಹಿರಿಯರು ದೊಡ್ಡಂಗಡಿಯವರು. ಹಿಂದಿನ ತಿಂಗಳಷ್ಟೇ ಹದಿನೈದು ಗ್ರಾಮು ಕಡಿಮೆ ಬಂತೆಂದು ಅವರ ತಕ್ಕಡಿಯನ್ನು ಬಳಸದಂತೆ ಇದೇ ಕಚೇರಿ ಮಹಜರು ಬರೆದು ಮೊಹರು ಹಾಕಿತ್ತು. ಅವರು ಕೂರಲಿಲ್ಲ. ಕಿಲೋ ಬದಲಾಗಿದ್ದರೆ ತಮಗೊಂದು ನೋಟೀಸು ಕೊಡುವ ಮರ್ಯಾದೆ ಇರಬೇಕಿತ್ತು ಎಂದು ಮೆಲ್ಲಗೆ ಹೇಳಿದರು. ಮೂರು ದಿನದಿಂದ ಗಿರಾಕಿಗಳು ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತಿದ್ದಾರೆ, ಎಲ್ಲರೂ ಈ ಕಚೇರಿಯ ಕೀಪರ ಹೆಸರನ್ನೇ ಹೇಳುತ್ತಿದ್ದಾರೆ ಎಂದರು. ಮೀಟರ್ ಮೇಡಂ ಕೂಡ ಅಲ್ಲೇ ಇದ್ದರು, ಇಪ್ಪತ್ನಾಲ್ಕು ಮೀಟರಿನ ಏಳು ದೂರುಗಳೊಂದಿಗೆ.

ಕೀಪರನ್ನು ಕರೆಸಲಾಯಿತು.

ಸಾಹೇಬರು ತೂಗಿ ಮಾತಾಡುವವರು. ಹಾಗೆಂದು ಬೇರೆ ಕಚೇರಿಗಳಲ್ಲಿಯೂ ಹೇಳುವುದುಂಟು. ಇಲ್ಲಿ ಅದು ಹುದ್ದೆಯ ಭಾಗವಾಗಿತ್ತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಕೀಪರೇ, ಒಂದು ಕಿಲೋ ಎಷ್ಟು?”

“ಯಾವ ಕಿಲೋ ಸಾರ್?”

ಆ ಕಟ್ಟಡದಲ್ಲಿ ಆ ಪ್ರಶ್ನೆ ಅದುವರೆಗೆ ಹುಟ್ಟಿರಲಿಲ್ಲ. ದೊಡ್ಡಂಗಡಿಯವರು ನಿಧಾನವಾಗಿ ಕುರ್ಚಿ ಎಳೆದುಕೊಂಡು ಕೂತರು.

ಕೀಪರು ವಿವರಿಸಿದರು. ಸಕ್ಕರೆಯ ಕಿಲೋ ಸಾವಿರದ್ದೇ, ದಾರಿಯ ಕಿಲೋ ಕೂಡ ಸಾವಿರದ್ದೇ. ಫ್ಲಾಪಿಯ ಕಿಲೋ ಮಾತ್ರ ಸಾವಿರದ ಇಪ್ಪತ್ನಾಲ್ಕರದ್ದು ಎಂದರು. ಸಾಕ್ಷಿಗೆ ಒಂದು ಫ್ಲಾಪಿಯನ್ನು ಮೇಜಿನ ಮೇಲೆ ಇಟ್ಟರು. ವ್ಯಾಪಾರಿಗಳ ಮುಖ ಅರ್ಧ ಇಳಿಯಿತು, ಅರ್ಧ ಸಡಿಲವಾಯಿತು. ವಿಷಯ ಅಲ್ಲಿಗೆ ಮುಗಿದು, ಎಲ್ಲರೂ ಎದ್ದು ಹೋಗಬಹುದಾಗಿತ್ತು.

ಮುಗಿಯಲು ಬಿಡದವರು ಮೀಟರ್ ಮೇಡಂ. ವರದಿ ಬಿದ್ದರೆ ಕೋಣೆ ತಮ್ಮದು ಎಂಬುದು ಅವರ ತಲೆಯಲ್ಲಿತ್ತು. ಅವರು ಕ್ಯಾಲ್ಕುಲೇಟರು ತೆಗೆದು, ಒಂದು ಫ್ಲಾಪಿಯ ಬೈಟು ಎಷ್ಟು ಎಂದು ಕೇಳಿದರು. 14,74,560 ಎಂದರು ಕೀಪರು. ಮೇಡಂ ಅದನ್ನು ಎರಡು ಸಲ ಸಾವಿರದಿಂದ ಭಾಗಿಸಿದರು. 1.47456. ಹೋಗಲಿ, ನಿಮ್ಮ ಕಿಲೋದಲ್ಲೇ ಮಾಡೋಣ ಎಂದು ಎರಡು ಸಲ 1024ರಿಂದ ಭಾಗಿಸಿದರು. 1.40625. ಎರಡನ್ನೂ ಸಾಹೇಬರ ಮುಂದೆ ಹಿಡಿದರು.

“ಇದೂ 1.44 ಅಲ್ಲ, ಅದೂ 1.44 ಅಲ್ಲ. ಹಾಗಾದ್ರೆ ಇದರ ಮೇಲೆ ಬರೆದಿರೋ 1.44 ಎಲ್ಲಿಂದ ಬಂತು ಕೀಪರೇ?”

ಕೀಪರಿಗೆ ಸುಳ್ಳು ಹೇಳಲು ಸಮಯ ಸಿಗಲಿಲ್ಲ. “ಒಂದು ಸಲ ಸಾವಿರ, ಇನ್ನೊಂದು ಸಲ ಸಾವಿರದ ಇಪ್ಪತ್ನಾಲ್ಕು ಮೇಡಂ. ಎರಡನ್ನೂ ಸೇರಿಸಿ ಮಾಡಿದ್ದಾರೆ.”

ಮೀಟರ್ ಮೇಡಂ ಗೆದ್ದ ಸಮಾಧಾನದಿಂದ ಕ್ಯಾಲ್ಕುಲೇಟರು ಮುಚ್ಚಿದರು. ಆದರೆ ಆ ಮಾತನ್ನು ನಿಜವಾಗಿ ಅರ್ಥಮಾಡಿಕೊಂಡವರು ದೊಡ್ಡಂಗಡಿಯವರು. ನಲವತ್ತು ವರ್ಷ ತಕ್ಕಡಿಯ ಹಿಂದೆ ನಿಂತವರು ಅವರು. ಫ್ಲಾಪಿಯನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

“ಅಂದ್ರೆ ಒಂದೇ ಮಾಲಿಗೆ ಎರಡು ಕಲ್ಲು. ಒಂದ್ಸಲ ಈ ಕಲ್ಲು, ಇನ್ನೊಂದ್ಸಲ ಆ ಕಲ್ಲು. ಮೇಲೆ ಬರೆದಿರೋದು ಎರಡಕ್ಕೂ ತಾಳೆ ಆಗಲ್ಲ. ಸಾರ್, ನಮ್ಮಂಗಡೀಲಿ ಇಂಥ ಮಾಲು ಸಿಕ್ಕಿದ್ರೆ ನೀವು ಏನ್ ಮಾಡ್ತೀರಿ?”

“ಜಪ್ತಿ,” ಎಂದರು ಸಾಹೇಬರು.

ತೂಗುವ ಮೊದಲೇ ಅವರ ಬಾಯಿಂದ ಹೊರಟ ಮಾತು ಅದೊಂದೇ. ಹೊರಟ ಮೇಲೆ ಅವರು ಅದರ ಹಿಂದೆಯೇ ನೋಡುತ್ತ ಕೂತರು. ಎಷ್ಟಿದೆ ಇಂಥ ಮಾಲು ಎಂದು ದೊಡ್ಡಂಗಡಿಯವರು ಕೊನೆಗೆ ವಿಚಾರಿಸಿದರು. ಮುನ್ನೂರ ಹನ್ನೆರಡು ಎಂದರು ಕೀಪರು. ವಾರದಲ್ಲಿ ಮೊದಲ ಸಲ ಅವರು ಎಣಿಕೆಯನ್ನು ಹೇಳಿದ್ದರು.

ಮಹಜರಿಗೆ ಎರಡು ಗಂಟೆ ಹತ್ತು ನಿಮಿಷ ಹಿಡಿಯಿತು. ಪಂಚ ಸಾಕ್ಷಿಗಳಾಗಿ ವ್ಯಾಪಾರಿಗಳೇ ಸಹಿ ಮಾಡಿದರು. ತಮ್ಮ ಅಂಗಡಿಯ ಮಹಜರನ್ನು ಓದದೆ ಸಹಿ ಮಾಡಿದ್ದ ದೊಡ್ಡಂಗಡಿಯವರು ಇದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ, ಎರಡು ಅಕ್ಷರದ ತಪ್ಪು ತಿದ್ದಿಸಿದರು. ‘ಘೋಷಿಸಿದ ಅಳತೆಗೂ ವಾಸ್ತವ ಅಳತೆಗೂ ಹೊಂದಿಕೆ ಇಲ್ಲದ ಮುನ್ನೂರ ಹನ್ನೆರಡು ನಗ’ ಎಂಬಲ್ಲಿಗೆ ಬಂದಾಗ ಆ ಸಾಲನ್ನು ಎರಡು ಸಲ ಓದಿದರು.

ಮಹಜರು ಮುಗಿದ ಮೇಲೆ, ಫ್ಲಾಪಿಗಳನ್ನು ಯಾವ ಮೂಲೆಗೆ ಸಾಗಿಸುತ್ತೀರಿ, ತಮ್ಮ ಯಂತ್ರವನ್ನು ಸೋಮವಾರ ಒಳಗೆ ತರಬಹುದೇ ಎಂದು ಮೀಟರ್ ಮೇಡಂ ಕೇಳಿದರು. ಸಾಹೇಬರು ನಿಯಮಾವಳಿಯನ್ನು ಅವರ ಕಡೆಗೆ ತಳ್ಳಿದರು. ಮೇಡಂ ಪುಟ ಹುಡುಕಿ ತಾವೇ ಓದಿದರು: ಜಪ್ತಿಯಾದ ಮಾಲನ್ನು ವಿಚಾರಣೆ ಮುಗಿಯುವವರೆಗೆ ಇದ್ದ ಸ್ಥಳದಿಂದ ಕದಲಿಸಬಾರದು, ಸ್ಥಳವನ್ನು ಬೇರೆ ಕೆಲಸಕ್ಕೆ ಬಳಸಬಾರದು.

“ವಿಚಾರಣೆಗೆ ಎಷ್ಟು ದಿನ ಆಗುತ್ತೆ ಸಾರ್?”

ತಯಾರಕರಿಗೆ ನೋಟೀಸು ಕಳುಹಿಸಿ ಉತ್ತರ ಬರಬೇಕು ಎಂದರು ಸಾಹೇಬರು. ಫ್ಲಾಪಿಗಳ ಮೇಲೆ ತಯಾರಕರ ವಿಳಾಸ ಇರಲಿಲ್ಲ. ಹಿಂದೆ ಜಪ್ತಿಯಾಗಿದ್ದ ಒಂದು ಕಬ್ಬಿಣದ ತಕ್ಕಡಿ ಇತ್ಯರ್ಥವಾಗಲು ಹದಿನಾಲ್ಕು ವರ್ಷ ಹಿಡಿದಿತ್ತು ಎಂದು ದಫೇದಾರ ನೆನಪಿಸಿದ. ಮೀಟರ್ ಮೇಡಂ ಕ್ಯಾಲ್ಕುಲೇಟರನ್ನು ಚೀಲದೊಳಗೆ ಹಾಕಿ, ಯಾರ ಮುಖವನ್ನೂ ನೋಡದೆ ತಮ್ಮ ಹಾಲಿಗೆ ನಡೆದರು. ಸ್ವಲ್ಪ ಹೊತ್ತಿನಲ್ಲಿ ಅಲ್ಲಿಂದ ಯಂತ್ರದ ಕಿರುಚು ಕೇಳಿಬಂತು, ಎಂದಿಗಿಂತ ತುಸು ಜೋರಾಗಿ.

ಕೀಪರ ನಿವೃತ್ತಿಗೆ ಉಳಿದಿದ್ದದ್ದು ಆರು ವರ್ಷ. ಹದಿನಾಲ್ಕರಲ್ಲಿ ಆರು ಹೋದರೆ ಎಂಟು ವರ್ಷ ಕೋಣೆ ತಮಗಿಂತ ಹೆಚ್ಚು ಬಾಳುತ್ತದೆ. ಈ ಲೆಕ್ಕದಲ್ಲಿ ಯಾವ ಕಿಲೋ ಕೂಡ ಇರಲಿಲ್ಲ. ಅವರು ಕೋಣೆಗೆ ವಾಪಸ್ಸು ಹೋಗಿ, ಕುರ್ಚಿಯಲ್ಲಿ ಕೂತು, ಬಾಗಿಲನ್ನು ಮುಚ್ಚಲು ಕೈ ಚಾಚಿದರು. ಬಾಗಿಲು ಮುಚ್ಚಲಿಲ್ಲ, ಹೊರಗಿನಿಂದ ದಫೇದಾರ ಹಿಡಿದುಕೊಂಡಿದ್ದ. ಅವನ ಇನ್ನೊಂದು ಕೈಯಲ್ಲಿ ಅರಗು ಇತ್ತು.

“ಹೊರಗೆ ಬನ್ನಿ ಕೀಪರೇ, ಮೊಹರು ಹಾಕಬೇಕು.”

“ನಾನು ಒಳಗೇ ಇರ್ತೀನಲ್ಲ.”

“ನಿಮ್ಮನ್ನ ಮಹಜರಲ್ಲಿ ಬರೆದಿಲ್ಲವಲ್ಲ,” ಎಂದ ದಫೇದಾರ. ಬರೆಸಬಹುದೇ ಎಂದು ಕೀಪರು ಒಂದು ಕ್ಷಣ ಯೋಚಿಸಿದಂತಿತ್ತು. ಆಮೇಲೆ ಕುರ್ಚಿಯನ್ನು ಎತ್ತಿಕೊಂಡು ಹೊರಗೆ ಬಂದರು.

ಶನಿವಾರ ಸಾಹೇಬರು ಊರಿನ ಅಂಗಡಿಗಳಿಗೆ, ಕಿಲೋ ಹಿಂದಿನಂತೆ ಸಾವಿರವೇ ಎಂಬ ಪ್ರಕಟಣೆ ಕಳುಹಿಸಿದರು. ವ್ಯಾಪಾರಿಗಳ ಒತ್ತಡಕ್ಕೆ ಇಲಾಖೆ ಮಣಿಯಿತು ಎಂಬುದು ಕೆಳಮನೆಯಾಕೆಯ ಅಭಿಪ್ರಾಯ. ಕೇಂದ್ರ ಕಚೇರಿ ಜಪ್ತಿಯ ಸುದ್ದಿ ತಿಳಿದು ಎಂಜಿನಿಯರುಗಳನ್ನು ತಡೆಹಿಡಿದು, ಕೋಣೆಯನ್ನು ತೆರವಿನ ಪಟ್ಟಿಯಿಂದ ಕೈಬಿಟ್ಟಿತು. ಮೊಹರು ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಕಚೇರಿಯ ವೇಳೆಯಲ್ಲಿ ಒಬ್ಬ ಪಾಲಕ ಇರತಕ್ಕದ್ದು ಎಂಬ ನಿಯಮದಂತೆ ಕೀಪರನ್ನು ಆ ಹೊಣೆಗೆ ನೇಮಿಸಲಾಯಿತು.

ಸೋಮವಾರ ಅವರು ಹತ್ತು ಗಂಟೆಗೆ ಎರಡು ನಿಮಿಷ ಮುಂಚೆ ಬಂದು, ಓಡಾಡುವವರಿಗೆ ಅಡ್ಡವಾಗದಂತೆ ಬಾಗಿಲ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಒಳಗೆ ಫ್ಯಾನು ತಿರುಗುತ್ತಿತ್ತು. ಶುಕ್ರವಾರ ಅದನ್ನು ಆರಿಸಲು ಯಾರಿಗೂ ನೆನಪಾಗಿರಲಿಲ್ಲ.